ಒಬ್ಬನೇ ದೊರೆ, ಹಲವು ಕಥೆ

ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಮಕ್ಕಳಿಗೆ ತಲಕಾಡು ದೂರದ ಊರೇನಲ್ಲ. ಪಂಚಲಿಂಗ ದರ್ಶನಕ್ಕೆ ಹೋದವರು ಅಲ್ಲಿನ ಕೀರ್ತಿನಾರಾಯಣನ ಗುಡಿಯನ್ನೂ ನೋಡಿ ಬರುತ್ತಾರೆ. 1116ರ ಸುಮಾರಿಗೆ ಚೋಳರಿಂದ ಆ ಊರನ್ನು ಗೆದ್ದು ‘ತಲಕಾಡುಗೊಂಡ’ ಎನಿಸಿಕೊಂಡ ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದ ಗುಡಿ ಅದು.

ಈ ದೊರೆ ಯಾವ ಮತದವನು ಎಂದು ಮಗು ಕೇಳಿದರೆ, ಹಿರಿಯರು ಹೇಳುವುದು ಸಾಮಾನ್ಯವಾಗಿ ಒಂದೇ ಕಥೆ: ಜೈನನಾಗಿದ್ದ ಬಿಟ್ಟಿದೇವ ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದ, ವಿಷ್ಣುವರ್ಧನನೆಂಬ ಹೆಸರು ಪಡೆದ.

ಈ ಕಥೆಯನ್ನು ಬೆಳೆಸಿದ್ದು ದೊರೆಯ ಕಾಲಾನಂತರ ರಚನೆಯಾದ ಶ್ರೀವೈಷ್ಣವ ಗುರುಪರಂಪರೆಯ ಗ್ರಂಥಗಳು. ತೊಣ್ಣೂರಿನಲ್ಲಿ ಆಚಾರ್ಯರು ಜೈನರನ್ನು ವಾದದಲ್ಲಿ ಗೆದ್ದರೆಂಬುದು ಅವುಗಳ ಹೆಮ್ಮೆ. 19ನೇ ಶತಮಾನದ ಜೈನ ಕವಿ ದೇವಚಂದ್ರನ ‘ರಾಜಾವಳಿ ಕಥೆ’ಯಲ್ಲಾದರೋ ಅದೇ ದೊರೆ ಬಸದಿಗಳನ್ನು ಕೆಡಿಸಿದವನು. ಆ ಪಾಪಕ್ಕೆ ಭೂಮಿಯೇ ಬಾಯ್ಬಿಟ್ಟಿತಂತೆ! ಒಬ್ಬರಿಗೆ ಭಕ್ತ, ಇನ್ನೊಬ್ಬರಿಗೆ ದ್ರೋಹಿ.

ದೊರೆಯ ಕಾಲದ ಶಾಸನಗಳು ಹೇಳುವುದೇ ಬೇರೆ. 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ ವಿಷ್ಣುಭಕ್ತ ಅವನು, ನಿಜ. ಆದರೆ ತಲಕಾಡನ್ನು ಗೆದ್ದುಕೊಟ್ಟ ದಂಡನಾಯಕ ಗಂಗರಾಜ ಜೈನ. ರಾಣಿ ಶಾಂತಲೆಯೂ ಜೈನಳು. 1123ರಲ್ಲಿ ಶ್ರವಣಬೆಳಗೊಳದಲ್ಲಿ ಆಕೆ ಬಸದಿ ಕಟ್ಟಿಸಿದಳು. 1133ರಲ್ಲಿ ಗಂಗರಾಜನ ಮಗ ಬೊಪ್ಪ ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಅದರ ಪ್ರಸಾದ ಬಂಕಾಪುರದಲ್ಲಿದ್ದ ದೊರೆಯ ಕೈಸೇರಿದ ಹೊತ್ತಿಗೆ ಯುದ್ಧದಲ್ಲಿ ಜಯವೂ ಅರಮನೆಯಲ್ಲಿ ಮಗನ ಜನನವೂ ಆಗಿದ್ದವು. ಸಂತೋಷಗೊಂಡ ದೊರೆ ದೇವರನ್ನು ವಿಜಯಪಾರ್ಶ್ವನೆಂದೂ ಮಗನನ್ನು ವಿಜಯ ನರಸಿಂಹನೆಂದೂ ಕರೆದು, ಬಸದಿಗೆ ದತ್ತಿ ಬಿಟ್ಟ. ಬಸದಿ ಕೆಡವಿದವನ ನಡತೆಯೇ ಇದು?

ಇಂಥ ಮರುಬರಹ ನಮ್ಮಲ್ಲಿ ಮಾತ್ರ ಆದದ್ದಲ್ಲ. ಬೈಬಲ್ಲಿನ ಸಮುವೇಲನ ಗ್ರಂಥ ದಾವೀದ ರಾಜನು ಬತ್ಷೆಬೆಯ ವಿಷಯದಲ್ಲಿ ಮಾಡಿದ ತಪ್ಪನ್ನು ಮುಚ್ಚಿಡದೆ ಹೇಳುತ್ತದೆ. ಬಾಬಿಲೋನಿನ ಸೆರೆಯ ನಂತರ ರಚಿತವಾದ ಪೂರ್ವಕಾಲವೃತ್ತಾಂತದಲ್ಲಿ ಆ ಪ್ರಸಂಗವೇ ಇಲ್ಲ. ದೇವಾಲಯಕ್ಕಾಗಿ ದಾವೀದ ಮಾಡಿದ ಸಿದ್ಧತೆಗೇ ಅಲ್ಲಿ ಪ್ರಾಧಾನ್ಯ. ಚದುರಿಹೋಗಿದ್ದ ಜನಾಂಗ ಮತ್ತೆ ದೇವಾಲಯದ ಸುತ್ತ ಒಂದುಗೂಡುತ್ತಿದ್ದ ಕಾಲಕ್ಕೆ ಬೇಕಾಗಿದ್ದ ದಾವೀದ ಅವನು.

ಹಾಗೆಂದು ನಂತರದವರನ್ನು ಸುಳ್ಳುಗಾರರೆನ್ನಬೇಕಿಲ್ಲ. ಅವರು ದೊರೆಯ ಕಥೆಯಲ್ಲಿ ತಮ್ಮ ಕಾಲದ ನಂಬಿಕೆಯನ್ನೂ ನೋವನ್ನೂ ಬರೆದರು. ಆದುದರಿಂದ ವಿದ್ಯಾರ್ಥಿಗಳು ಮೊದಲು ಕೇಳಬೇಕಾದದ್ದು ಮೂರು ಪ್ರಶ್ನೆ: ಬರೆದವರು ಯಾರು? ಎಷ್ಟು ವರ್ಷಗಳ ನಂತರ? ಯಾರಿಗಾಗಿ? ಸುಮಾರು ಒಂಬತ್ತು ಶತಮಾನ ಹಿಂದಿನ ದೊರೆಯ ಹೆಸರಿನಲ್ಲಿ ಇಂದಿನ ನೆರೆಹೊರೆಯವರು ಮುನಿಸಿಕೊಳ್ಳದಿರಲು ಈ ಪ್ರಶ್ನೆಗಳನ್ನು ತಂದೆತಾಯಿಯರೂ ಕಲಿತರೆ ಒಳ್ಳೆಯದು.