ಓದಿದವರ ಹೆಬ್ಬೆಟ್ಟು

ಗುಮಾಸ್ತನಾದವನು ಕಚೇರಿಯಲ್ಲಿ ಮೊದಲು ಕಲಿಯುವ ಪಾಠ ಒಂದೇ: ಓದದ ಕಾಗದಕ್ಕೆ ರುಜು ಹಾಕಬಾರದು. ಹತ್ತು ವರ್ಷಗಳಿಂದ ನಾನು ಇದನ್ನು ನಿಷ್ಠೆಯಿಂದ ಪಾಲಿಸಿದ್ದೇನೆ. ಆದರೆ ಸಂಜೆ ಕಾಚಿಗುಡದ ಮನೆ ಸೇರಿ ಮೊಬೈಲು ಹಿಡಿದೊಡನೆ ಬಿ.ಎ. ಓದಿದ ನಾನೂ ಹೆಬ್ಬೆಟ್ಟಿನವನೇ! 'ಒಪ್ಪಿದ್ದೇನೆ' ಎಂಬಲ್ಲಿ ಒತ್ತುವುದು, ಮುಂದೆ ಸಾಗುವುದು.

ಮೊನ್ನೆ ನಮ್ಮ ತಾಯಿಯವರ ಮೊಬೈಲಿಗೆ ಪಂಚಾಂಗದ ಆಪ್ ಒಂದನ್ನು ಹಾಕಿಕೊಡುತ್ತಿದ್ದೆ. ಅದು ಫೋನಿನಲ್ಲಿರುವ ಹೆಸರು, ನಂಬರುಗಳನ್ನೆಲ್ಲ ನೋಡಲು ಅಪ್ಪಣೆ ಕೇಳಿತು. ನಾನು ಒತ್ತುವಷ್ಟರಲ್ಲಿ ತಾಯಿಯವರು ತಡೆದರು: "ತಿಥಿ ಹೇಳಲಿಕ್ಕೆ ಮಂದಿ ನಂಬರ್ ಯಾಕ ಬೇಕಪಾ ಇದಕ್ಕ?" ನನ್ನಲ್ಲಿ ಉತ್ತರವಿರಲಿಲ್ಲ.

ಇಂಥ ಪ್ರಶ್ನೆಯನ್ನು ದೇಶದ ಮಟ್ಟದಲ್ಲಿ ಎತ್ತಿದವರು ನಮ್ಮ ಕನ್ನಡನಾಡಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನವು ಮೂಲಭೂತ ಹಕ್ಕು ಎಂದು ತೀರ್ಪಿತ್ತರು. ಅವರು 2024ರಲ್ಲಿ ತೀರಿಕೊಂಡರು, ಹಕ್ಕು ನಮಗುಳಿಯಿತು.

ಆದರೆ ಹಕ್ಕು ಪುಸ್ತಕದಲ್ಲಿದ್ದರೆ ಸಾಲದಷ್ಟೆ? 2021ರ ಜನವರಿಯಲ್ಲಿ ವಾಟ್ಸಾಪು ಹೊಸ ಷರತ್ತುಗಳನ್ನು ಮುಂದಿಟ್ಟಿತು: ಬಳಸಬೇಕಾದರೆ ಒಪ್ಪಲೇಬೇಕು. ಇದು ಬಲದ ದುರುಪಯೋಗವೆಂದು ಭಾರತೀಯ ಸ್ಪರ್ಧಾ ಆಯೋಗವು 2024ರ ನವೆಂಬರಿನಲ್ಲಿ ಮಾತೃಸಂಸ್ಥೆಯಾದ ಮೆಟಾಕ್ಕೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಮರುವರ್ಷ ಮೇಲ್ಮನವಿ ನ್ಯಾಯಮಂಡಲಿಯೂ ದಂಡವನ್ನು ಎತ್ತಿಹಿಡಿಯಿತು.

ಬಳಸುವವರ ಕಥೆ ಇದಾದರೆ, ಆಪ್ ತಯಾರಿಸುವವರ ಪಾಡೂ ಬೇರೆಯಲ್ಲ. ಆಂಡ್ರಾಯ್ಡ್ ಮೊಬೈಲಿಗೆ ಗೂಗಲ್ಲಿನ ಪ್ಲೇ ಸ್ಟೋರೇ ದೊಡ್ಡ ಸಂತೆ. ಸಂತೆ ಕಟ್ಟಿದವನು ಸುಂಕ ಕೇಳುವುದು ತಪ್ಪಲ್ಲ. ಆದರೆ ಗಿರಾಕಿ ಕೊಡುವ ಹಣವೂ ತನ್ನ ಪೆಟ್ಟಿಗೆಯ ಮೂಲಕವೇ ಹಾಯಬೇಕೆಂದರೆ? ಈ ಬಗೆಯ ಕಟ್ಟಳೆಗಾಗಿ 2022ರ ಅಕ್ಟೋಬರಿನಲ್ಲಿ ಅದೇ ಆಯೋಗ ಗೂಗಲ್ಲಿಗೆ 936.44 ಕೋಟಿ ದಂಡ ವಿಧಿಸಿತು. 2025ರಲ್ಲಿ ಅದು 216.69 ಕೋಟಿಗೆ ಇಳಿಯಿತು. ನಡುವೆ 2024ರ ಮಾರ್ಚ್ 1ರಂದು, ಸುಂಕದ ಜಗಳದಲ್ಲಿ ಭಾರತ್ ಮ್ಯಾಟ್ರಿಮೊನಿ, ನೌಕ್ರಿ ಮೊದಲಾದ ಆಪ್‌ಗಳು ಸಂತೆಯಿಂದ ಹೊರಬಿದ್ದವು. ವರಾನ್ವೇಷಣೆಯೂ ಉದ್ಯೋಗಾನ್ವೇಷಣೆಯೂ ಒಟ್ಟಿಗೇ ನಿಂತಂತಾಯಿತು! ಕೇಂದ್ರ ಸರ್ಕಾರ ನಡುವೆ ಬಂದ ಮೇಲೆ ಅವು ಕೆಲವೇ ದಿನಗಳಲ್ಲಿ ಮರಳಿದವು.

ದೊಡ್ಡವರಿಗೆ ಮಂತ್ರಿಗಳ ಬಾಗಿಲು ತೆರೆಯುತ್ತದೆ. ಮನೆಯ ಮೂಲೆಯಲ್ಲಿ ಕುಳಿತು ಕನ್ನಡ ಮಗ್ಗಿಯ ಆಪ್ ತಯಾರಿಸುವ ಹುಡುಗನಿಗೆ ಯಾರ ಬಾಗಿಲು? ಸಂತೆಯ ಷರತ್ತು ಬದಲಾದಾಗಲೆಲ್ಲ ಅವನೂ ನಮ್ಮಂತೆ ಹೆಬ್ಬೆಟ್ಟು ಒತ್ತಲೇಬೇಕು.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ ಒಪ್ಪಿಗೆ ಮುಕ್ತವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು. ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲೂ ಬರಬೇಕು. ಷರತ್ತಿನ ತಿಳಿವಳಿಕೆ ಪತ್ರವನ್ನು ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಅವಕಾಶವಿರಬೇಕು. ಅಂದರೆ ಹೈದರಾಬಾದಿನಲ್ಲಿದ್ದರೂ ನಮಗೆ ಕನ್ನಡದಲ್ಲೇ! ಇದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದಿವೆ. ಮುಖ್ಯ ಕಲಮುಗಳಿಗೆ ಹದಿನೆಂಟು ತಿಂಗಳ ಗಡುವಿದೆ. ಆ ದಿನ ಬಂದಾಗ ಕನ್ನಡ ಪ್ರತಿಯನ್ನು ಕೇಳಿ ಓದುವವರು ನಾವಾಗಬೇಕು. ಯಾರೂ ಕೇಳದ ಹಕ್ಕು ಕಡತದಲ್ಲೇ ಧೂಳು ತಿನ್ನುತ್ತದೆ. ಇದು ಗುಮಾಸ್ತನ ಅನುಭವದ ಮಾತು.

ಅಂದ ಹಾಗೆ, ಆ ಸಂಜೆ ತಾಯಿಯವರ ಮಾತಿನಂತೆ 'ಬೇಡ' ಎಂದೇ ಒತ್ತಿದೆ. ಪಂಚಾಂಗವೇನೂ ಮುನಿಯಲಿಲ್ಲ. ಏಕಾದಶಿ ಯಾವತ್ತೆಂದು ಸರಿಯಾಗಿಯೇ ಹೇಳಿತು.