ಅಗಸಿ ಬಾಗಿಲು ಮತ್ತು ಪೋರ್ಟ್ ಫಾರ್ವರ್ಡಿಂಗ್

ನಮ್ಮ ಈ ಭಿತ್ತಿಪತ್ರಿಕೆ ಓದಬೇಕಾದರೆ ದೇವಿಕೊಪ್ಪಕ್ಕೇ ಬರಬೇಕು. ದುಡಿಯಲಿಕ್ಕೆ ಬೆಂಗಳೂರಿಗೆ, ಗೋವಾಕ್ಕೆ ಹೋದ ಅಣ್ಣಂದಿರು, ಅಕ್ಕಂದಿರು ಓದಬೇಕಂದ್ರೆ ಏನು ಮಾಡುವುದು? ಪುಟಗಳ ಫೋಟೋ ತೆಗೆದು ಶಾಲೆಯ ಕಂಪ್ಯೂಟರಿನಲ್ಲಿ ಇಟ್ಟು ಅದನ್ನೇ ಸರ್ವರ್ ಮಾಡಬಹುದು. ಸರ್ವರ್ ಅಂದ್ರೆ ಕೇಳಿದವರಿಗೆ ಕೊಡುತ್ತಾ ಕೂತಿರುವ ಕಂಪ್ಯೂಟರ್, ಅಷ್ಟೇ. ಆದರೆ ಹೊರಗಿನವರು ಕೇಳಿದ್ದು ಅದಕ್ಕೆ ಮುಟ್ಟುವುದೇ ಇಲ್ಲ. ಯಾಕೆ ಅಂತ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನಮ್ಮ ಸೋದರಮಾವ ತಿಳಿಸಿ ಹೇಳಿದ್ದನ್ನು ಬರೆದಿದ್ದೇನೆ.

ಹಳೇ ಊರುಗಳಿಗೆ ಅಗಸಿ ಇರುತ್ತಿತ್ತಲ್ಲ, ರೂಟರ್ ಅಂಥಾದ್ದು. ಒಳಗಿನ ಕಂಪ್ಯೂಟರುಗಳಿಗೆ 192.168.1.10, 192.168.1.11 ಅಂತ ಮನೆ ನಂಬರ್ ಕೊಡುತ್ತದೆ. ಒಂದನೇ ನಂಬರಿನ ಮನೆ ಎಲ್ಲಾ ಊರಲ್ಲೂ ಇರುವ ಹಾಗೆ ಇವೇ ನಂಬರುಗಳು ಕಲಘಟಗಿಯಲ್ಲೂ ಇವೆ, ಲಂಡನ್ನಿನಲ್ಲೂ ಇವೆ. ಹೊರಗೆ ಕಾಣುವುದು ಅಗಸಿಯ ಒಂದೇ ವಿಳಾಸ. ಹಳೇ ಪದ್ಧತಿಯ ವಿಳಾಸಗಳು ಜಗತ್ತಿಗೆಲ್ಲಾ ಸೇರಿ ಸುಮಾರು 429 ಕೋಟಿ ಮಾತ್ರ, ಜನಸಂಖ್ಯೆಗಿಂತ ಕಡಿಮೆ. ಅದಕ್ಕೇ ಈ ಉಪಾಯ. ಒಳಗಿನವರು ಕೇಳಿದ್ದಕ್ಕೆ ಉತ್ತರ ಬಂದರೆ ಅಗಸಿ ಗುರುತು ಹಿಡಿದು ಬಿಡುತ್ತದೆ. ತಾನಾಗಿ ಬಂದ ಹೊರಗಿನವನನ್ನು ಯಾವ ಮನೆಗೆ ಕಳಿಸಬೇಕೋ ಗೊತ್ತಿಲ್ಲದೆ ಅಲ್ಲೇ ನಿಲ್ಲಿಸುತ್ತದೆ.

ಯಾವ ಮನೆ ಅಂತ ಅಗಸಿಗೆ ಮೊದಲೇ ಹೇಳಿಡುವುದೇ ಪೋರ್ಟ್ ಫಾರ್ವರ್ಡಿಂಗ್. ಪೋರ್ಟ್ ಅಂದ್ರೆ ಬಾಗಿಲಿನ ನಂಬರ್, 65535ರ ತನಕ ಇವೆ. ಬ್ರೌಸರಿನಲ್ಲಿ ರೂಟರಿನ ವಿಳಾಸ ಹೊಡೆದು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ಹೊರಗಿನ 8080ಕ್ಕೆ ಬಂದವರನ್ನು 192.168.1.10ರ 80ಕ್ಕೆ ಕಳಿಸು ಅಂತ ಒಂದು ಸಾಲು ತುಂಬಬೇಕು. 80 ವೆಬ್ ಪುಟದ ಬಾಗಿಲು. ಅದಕ್ಕೂ ಮೊದಲು ಸರ್ವರಿನ ನಂಬರನ್ನು ಕಾಯಂ ಮಾಡಬೇಕು. ಇಲ್ಲಾಂದ್ರೆ ಕರೆಂಟ್ ಹೋಗಿ ಬಂದ ಮೇಲೆ 10 ಇದ್ದದ್ದು 14 ಆಗಬಹುದು, ಬಂದವರು ಬೇರೆ ಮನೆ ಕದ ತಟ್ಟುತ್ತಾರೆ. ನಮ್ಮ ಕಡೆ ಕರೆಂಟಿನ ವಿಷಯ ಹೇಳಬೇಕಿಲ್ಲ!

ರೂಟರಿನಲ್ಲಿ ಕಾಣುವ ಹೊರವಿಳಾಸ 10 ಅಥವಾ 100.64ರಿಂದ ಶುರುವಾದರೆ, ನೆಟ್ ಕಂಪನಿಯವರು ಬಹಳ ಮಂದಿಯನ್ನು ಇನ್ನೊಂದು ದೊಡ್ಡ ಅಗಸಿಯೊಳಗೆ ಇಟ್ಟಿದ್ದಾರೆ ಅಂತ ಅರ್ಥ. ಮೊಬೈಲ್ ನೆಟ್ಟಿನಲ್ಲಿ ಹೀಗೆ ಹೆಚ್ಚು. ಆ ಅಗಸಿ ನಮ್ಮ ಮಾತು ಕೇಳೋದಿಲ್ಲ.

ನನಗೆ ದೊಡ್ಡದು ಅನಿಸಿದ್ದು ಮುಂದಿನ ಮಾತು. ಬಾಗಿಲು ತೆಗೆದರೆ ಅಣ್ಣಂದಿರಷ್ಟೇ ಬರುವುದಿಲ್ಲ. 2016ರಲ್ಲಿ ಮಿರಾಯ್ ಎಂಬ ಕೆಟ್ಟ ಪ್ರೋಗ್ರಾಂ ವಿಳಾಸದ ಮೇಲೆ ವಿಳಾಸ ತಟ್ಟುತ್ತಾ ಹೋಗಿ, 23ನೇ ಬಾಗಿಲು ತೆರೆದಿದ್ದ, ಕಾರ್ಖಾನೆಯ ಪಾಸ್‌ವರ್ಡೇ ಉಳಿದಿದ್ದ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶ ಮಾಡಿಕೊಂಡಿತು. ಶಾಲೆಯ ಕಂಪ್ಯೂಟರಿನಲ್ಲಿ ನಮ್ಮೆಲ್ಲರ ಹುಟ್ಟಿದ ದಿನ, ಅಪ್ಪ-ಅವ್ವನ ಫೋನ್ ನಂಬರ್ ಇವೆ. ಅದಕ್ಕೆ ಬಾಗಿಲು ಇಡಬಾರದು ಅಂತ ನನ್ನ ಅಭಿಪ್ರಾಯ. ಗುರುಗಳು, ಅಕ್ಕೋರು ಒಪ್ಪಿದರೆ ಪತ್ರಿಕೆಗಂತಲೇ ಹಳೇ ಕಂಪ್ಯೂಟರ್ ಒಂದನ್ನು, ದಾಖಲೆಯ ಕಂಪ್ಯೂಟರಿನ ನೆಟ್ಟಿಗೆ ಸೇರಿಸದೆ, ಬೇರೆ ಇಡಬಹುದು. ಅದರಲ್ಲಿ ಪುಟಗಳ ಫೋಟೋ ಬಿಟ್ಟು ಏನೂ ಬೇಡ, ಮಕ್ಕಳ ಪೂರ್ತಿ ಹೆಸರೂ ಬೇಡ. ತೆಗೆಯುವುದು ಒಂದೇ ಬಾಗಿಲು. ರೂಟರಿನ ಪಾಸ್‌ವರ್ಡ್ ಇನ್ನೂ ಅಡ್ಮಿನ್ ಅಂತಲೇ ಇದ್ದರೆ ಆ ಸಾಲು ತುಂಬುವ ಮೊದಲೇ ಅದನ್ನು ಬದಲಿಸಬೇಕು.

– 7ನೇ ತರಗತಿ