ಟಿಕ್ ತೆಗೆದರೆ ಸಾಲದು, ಸೇವ್ ಆಗಬೇಕು

ಕೆಲಸ ಬಿಟ್ಟುಹೋದವರೊಬ್ಬರ ಹೆಸರಿನ ಮುಂದಿದ್ದ ಟಿಕ್ ಗುರುತನ್ನು ಅಡ್ಮಿನ್ ತೆಗೆಯುತ್ತಾರೆ. ಪರದೆಯ ಮೇಲಿನ ಚೌಕ ಖಾಲಿಯಾಗುತ್ತದೆ. ಅಷ್ಟರಲ್ಲಿ ಬಿಲ್ಲಿಂಗ್ ಟ್ಯಾಬ್‌ನಲ್ಲಿ ಏನೋ ನೋಡುವುದಿರುತ್ತದೆ, ಅತ್ತ ಹೋಗುತ್ತಾರೆ. ಪುಟದ ತಳದಲ್ಲಿದ್ದ ‘ಸೇವ್’ ಬಟನ್ ಒತ್ತಿರುವುದೇ ಇಲ್ಲ. ಅಡ್ಮಿನ್ ಮನಸ್ಸಿನಲ್ಲಿ ಆ ವ್ಯಕ್ತಿಯ ಪ್ರವೇಶ ಅಲ್ಲಿಗೆ ಮುಗಿದಿದೆ. ಸರ್ವರ್‌ನಲ್ಲಿ ಅದು ಹಾಗೇ ಇದೆ. ಪುಟದ ಭಾಷೆಯನ್ನೋ ಬಣ್ಣವನ್ನೋ ಬದಲಿಸಿ ಸೇವ್ ಮಾಡಲು ಮರೆತರೆ ಬೇಗ ಗೊತ್ತಾಗುತ್ತದೆ, ಏಕೆಂದರೆ ಬದಲಾಗದೆ ಉಳಿದದ್ದು ಕಣ್ಣೆದುರೇ ಇರುತ್ತದೆ. ಅನುಮತಿಯ ವಿಷಯದಲ್ಲಿ ಮರೆತವರಿಗೆ ಯಾವ ತೊಂದರೆಯೂ ತಟ್ಟುವುದಿಲ್ಲ. ಪ್ರವೇಶ ಉಳಿಸಿಕೊಂಡವರು ಬಂದು ತಿಳಿಸುವುದೂ ಇಲ್ಲ. ಹಾಗಾಗಿ ಸೇವ್ ಆಗದ ಬದಲಾವಣೆಗಳನ್ನು ನಿಭಾಯಿಸುವುದು ಬಳಕೆಯ ಅನುಕೂಲಕ್ಕೆ ಸೇರಿದ ಸಣ್ಣ ಸಂಗತಿಯಲ್ಲ. ಅನುಮತಿಗಳಿರುವ ಸೆಟ್ಟಿಂಗ್ಸ್ ಪುಟದಲ್ಲಿ ಅದು ಭದ್ರತೆಯ ಭಾಗ.

ಇದು ಹೊಸ ತಿಳಿವಳಿಕೆಯೇನಲ್ಲ. ಯಾರಿಗೇ ಆಗಲಿ ಅವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇರಬೇಕು ಎಂಬ ತತ್ವವನ್ನು ಜೆರೋಮ್ ಸಾಲ್ಟ್ಸರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲಿ, ಕಂಪ್ಯೂಟರ್ ಮಾಹಿತಿಯ ರಕ್ಷಣೆ ಕುರಿತ ತಮ್ಮ ಪ್ರಬಂಧದಲ್ಲಿ ಮಂಡಿಸಿದರು. ಆ ತತ್ವ ಎಲ್ಲರ ಬಾಯಲ್ಲೂ ಇದೆ. ಅದೇ ಪ್ರಬಂಧದ ಇನ್ನೊಂದು ತತ್ವವನ್ನು ನೆನೆಯುವವರು ಕಡಿಮೆ: ರಕ್ಷಣೆಯ ವ್ಯವಸ್ಥೆಯನ್ನು ಜನ ದಿನನಿತ್ಯ ತಪ್ಪಿಲ್ಲದೆ ಬಳಸುವಷ್ಟು ಅದರ ಬಳಕೆ ಸುಲಭವಾಗಿರಬೇಕು. ಬೀಗ ಬಿದ್ದಿದೆಯೋ ಇಲ್ಲವೋ ಹೇಳದ ಪುಟ ಈ ಎರಡನೆಯ ತತ್ವವನ್ನು ಮುರಿಯುತ್ತದೆ, ಅದರ ಮೂಲಕ ಮೊದಲನೆಯದನ್ನೂ ಕೆಡಿಸುತ್ತದೆ.

ಹಾಗಾದರೆ ಸೇವ್ ಬಟನ್ನೇ ಬೇಡ, ಮೊಬೈಲ್ ಸೆಟ್ಟಿಂಗ್ಸ್‌ನಂತೆ ಒತ್ತಿದ್ದು ತಕ್ಷಣ ಜಾರಿಯಾಗಲಿ ಎಂಬ ವಾದವಿದೆ. ವೈಫೈ, ಬ್ರೈಟ್‌ನೆಸ್ ಮಟ್ಟಿಗೆ ಅದು ಸರಿ. ಪರಿಣಾಮ ಕೂಡಲೇ ಕಾಣುತ್ತದೆ, ತಪ್ಪಾದರೂ ತಟ್ಟುವುದು ತಮಗೊಬ್ಬರಿಗೇ. ಅನುಮತಿ ಬೇರೆಯವರನ್ನು ಮುಟ್ಟುವಂಥದ್ದು. ವರ್ಡ್‌ಪ್ರೆಸ್‌ನಲ್ಲಿ ‘ಕಾಂಟ್ರಿಬ್ಯೂಟರ್’ ಬರೆಯಬಹುದು, ಪ್ರಕಟಿಸುವಂತಿಲ್ಲ. ‘ಎಡಿಟರ್’ ಬೇರೆಯವರ ಬರಹವನ್ನೂ ತಿದ್ದಿ ಪ್ರಕಟಿಸಬಹುದು. ‘ಅಡ್ಮಿನಿಸ್ಟ್ರೇಟರ್’ ಕೈಯಲ್ಲಿ ಇಡೀ ಜಾಲತಾಣವಿರುತ್ತದೆ. ಬಳಕೆದಾರರ ಪಟ್ಟಿಯಲ್ಲಿ ಹೆಸರು ಗುರುತಿಸಿ ಹೊಸ ಪಾತ್ರ ಆರಿಸಿದರೂ, ಪಕ್ಕದ ‘ಚೇಂಜ್’ ಬಟನ್ ಒತ್ತುವವರೆಗೆ ಯಾರ ಪಾತ್ರವೂ ಬದಲಾಗದು. ಕೈತಪ್ಪಿ ಒಂದು ಸಾಲು ಆಚೆಗೆ ಕ್ಲಿಕ್ ಮಾಡಿದವರನ್ನು ಆ ಒಂದು ಹೆಜ್ಜೆ ಕಾಪಾಡುತ್ತದೆ. ತಪ್ಪಾದರೆ ಹಿಂದಕ್ಕೆ ಪಡೆಯುವ ‘ಅನ್‌ಡೂ’ ಕೊಟ್ಟರಾಯಿತಲ್ಲ ಎನ್ನಬಹುದು. ಅನುಮತಿಯನ್ನು ಹಿಂದಕ್ಕೆ ಪಡೆಯಬಹುದು ನಿಜ. ಆ ನಡುವೆ ಒಬ್ಬರು ಓದಿಕೊಂಡ, ಡೌನ್‌ಲೋಡ್ ಮಾಡಿಕೊಂಡ ಮಾಹಿತಿಯನ್ನು ಹಿಂದಕ್ಕೆ ಪಡೆಯಲಾಗದು. ಆದ್ದರಿಂದ ಅನುಮತಿಗೆ ಪ್ರತ್ಯೇಕ ಸೇವ್ ಬೇಕೇ ಬೇಕು. ಸೇವ್ ಇರುವಲ್ಲಿ ‘ಇನ್ನೂ ಆಗಿಲ್ಲ’ ಎಂಬ ಸ್ಥಿತಿಯೂ ಇರುತ್ತದೆ, ಅದು ಸದಾ ಕಾಣುತ್ತಿರಬೇಕು.

ಪುಟ ಬಿಟ್ಟು ಹೋಗುವಾಗ ಬ್ರೌಸರೇ ಎಚ್ಚರಿಸುತ್ತದಲ್ಲ ಎಂಬುದು ಇನ್ನೊಂದು ಸಮಾಧಾನ. ಆ ಎಚ್ಚರಿಕೆಯ ಶಕ್ತಿ ಕಡಿಮೆ. ಮೋಸದ ತಾಣಗಳು ಅದನ್ನು ದುರುಪಯೋಗ ಮಾಡಿದ್ದರಿಂದ ಬ್ರೌಸರ್‌ಗಳು ಆ್ಯಪ್‌ನ ಸ್ವಂತ ಸಂದೇಶ ತೋರಿಸುವುದನ್ನು ಬಿಟ್ಟವು. ಕ್ರೋಮ್‌ನಲ್ಲಿ ಅದು 2016ರಲ್ಲಿ 51ನೇ ಆವೃತ್ತಿಯಿಂದ ನಿಂತಿತು. ಈಗ ಕಾಣುವುದು ಎಲ್ಲಕ್ಕೂ ಒಂದೇ ವಾಕ್ಯ; ಯಾರ ಯಾವ ಅನುಮತಿ ಬಾಕಿ ಇದೆ ಎಂದು ಅದು ಹೇಳಲಾರದು. ಮೊಬೈಲ್‌ನಲ್ಲಿ ಅದು ಬಂದೇ ಬರುತ್ತದೆಂಬ ಭರವಸೆಯಿಲ್ಲ. ಪುಟ ಮತ್ತೆ ಲೋಡ್ ಆಗದೆ ಒಳಗೇ ಟ್ಯಾಬ್ ಬದಲಿಸುವ ಇಂದಿನ ಆ್ಯಪ್‌ಗಳಲ್ಲಿ ಬ್ರೌಸರ್‌ಗೆ ಯಾರೋ ಹೊರಟರೆಂಬುದೇ ತಿಳಿಯದು. ಎಚ್ಚರಿಕೆ ಹೆಚ್ಚಾದರೆ ಜನ ಓದದೆ ‘ಓಕೆ’ ಒತ್ತುತ್ತಾರೆ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಅದಕ್ಕೆ ಉತ್ತರವಿದೆ: ಮೂಲ ಸ್ಥಿತಿಗೂ ಈಗಿನದಕ್ಕೂ ನಿಜವಾದ ವ್ಯತ್ಯಾಸ ಇದ್ದಾಗಷ್ಟೇ ಎಚ್ಚರಿಸಬೇಕು. ಟಿಕ್ ತೆಗೆದು ಮತ್ತೆ ಹಾಕಿದವರನ್ನು ಸುಮ್ಮನೆ ಬಿಡಬೇಕು.

ಸೇವ್ ಒತ್ತಿದ ಮಾತ್ರಕ್ಕೆ ಕೆಲಸ ಮುಗಿಯದು. ಇಬ್ಬರು ಅಡ್ಮಿನ್‌ಗಳು ಒಂದೇ ಪುಟ ತೆರೆದಿದ್ದರೆ, ಒಬ್ಬರು ತೆಗೆದ ಅನುಮತಿಯನ್ನು ಇನ್ನೊಬ್ಬರ ಹಳೆಯ ಪುಟ ಸದ್ದಿಲ್ಲದೆ ಮರಳಿಸಬಲ್ಲದು. ಪುಟ ತೆರೆದಾಗಿನ ಆವೃತ್ತಿಯ ಗುರುತನ್ನು ಸೇವ್ ಜೊತೆಗೆ ಕಳಿಸಿದರೆ, ಹೊಂದದಿದ್ದಾಗ ಸರ್ವರ್ 412 ಎಂಬ ಉತ್ತರದೊಂದಿಗೆ ತಡೆಯಬಹುದು. ಎಚ್‌ಟಿಟಿಪಿಯಲ್ಲೇ ಈ ಏರ್ಪಾಡಿದೆ. ಪುಟ ತೆರೆದಿರುವಾಗಲೇ ಅಡ್ಮಿನ್‌ನ ಅಧಿಕಾರವೇ ಹೋಗಿರಬಹುದು. ಬಟನ್ ಮರೆಮಾಡಿದರೆ ಸಾಲದು, ಸೇವ್ ಮಾಡುವ ಕ್ಷಣದಲ್ಲಿ ಸರ್ವರ್ ಮತ್ತೆ ಪರೀಕ್ಷಿಸಬೇಕು. ವೆಬ್ ಭದ್ರತೆಯ ಓವಾಸ್ಪ್ ಸಂಸ್ಥೆಯ ಅಪಾಯಗಳ ಪಟ್ಟಿಯಲ್ಲಿ ಪ್ರವೇಶ ನಿಯಂತ್ರಣದ ಲೋಪ 2017ರಲ್ಲಿ ಐದನೆಯದಾಗಿತ್ತು, 2021ರಲ್ಲಿ ಮೊದಲನೆಯದಾಯಿತು.

ಸಣ್ಣ ತಂಡಗಳಿಗೆ ಇಷ್ಟೆಲ್ಲ ಏಕೆ ಎಂಬ ಪ್ರಶ್ನೆ ಉಳಿಯುತ್ತದೆ. ಅಲ್ಲಿ ಅಡ್ಮಿನ್ ಒಬ್ಬರೇ. ಅವರ ತಪ್ಪನ್ನು ಹಿಡಿಯುವ ಎರಡನೆಯ ಕಣ್ಣಿಲ್ಲ. ಅವರಿಗೇ ಇದು ಹೆಚ್ಚು ಬೇಕು, ಖರ್ಚೂ ದೊಡ್ಡದಲ್ಲ. ‘3 ಬದಲಾವಣೆ ಸೇವ್ ಆಗಿಲ್ಲ’ ಎಂದು ಸದಾ ತೋರುವ ಒಂದು ಪಟ್ಟಿ, ಸೇವ್‌ಗೆ ಮುನ್ನ ಯಾರಿಗೆ ಏನು ಸಿಗುತ್ತದೆ, ಯಾರಿಂದ ಏನು ಹೋಗುತ್ತದೆ ಎಂಬ ಸಾರಾಂಶ, ಇಷ್ಟರಿಂದ ಶುರುಮಾಡಬಹುದು. ಸರ್ವರ್ ಒಪ್ಪಿದ ಮೇಲಷ್ಟೇ ಪರದೆ ‘ಆಯಿತು’ ಎನ್ನಬೇಕು. ಅಲ್ಲಿಯವರೆಗೆ ಆಗಿಲ್ಲ ಎಂಬುದನ್ನು ಮುಚ್ಚಿಡಬಾರದು.